ವಿಂಡೋಸ್ 10 ಮುಗಿಯಿತು ಅಂತ ಕಂಪ್ಯೂಟರ್ ಬಿಸಾಕಬೇಕಾ?

ಪ್ರಶ್ನೆ: "ಸರ್, ನಮ್ಮದು ಶಿಡ್ಲಘಟ್ಟ. ಸಣ್ಣ ಡಿಟಿಪಿ, ಜೆರಾಕ್ಸ್ ಅಂಗಡಿ ನಡೆಸುತ್ತೇನೆ. 2017ರ ಯುಗಾದಿ ಹೊತ್ತಿಗೆ ತಗೊಂಡ ಕಂಪ್ಯೂಟರ್ ಇದೆ. ಐ5-6400 ಪ್ರೊಸೆಸರ್, ಎಚ್110 ಬೋರ್ಡ್, 8 ಜಿಬಿ ಡಿಡಿಆರ್4 ರ‍್ಯಾಮ್ ಒಂದೇ ಸ್ಟಿಕ್, 1 ಟಿಬಿ ಹಾರ್ಡ್‌ಡಿಸ್ಕ್. ಆಮೇಲೆ ಮಗನ ಹಟಕ್ಕೆ ಸೆಕೆಂಡ್ ಹ್ಯಾಂಡ್ ಜಿಟಿಎಕ್ಸ್ 1050 ಟಿಐ ಕಾರ್ಡ್ ಹಾಕಿಸಿದೆವು. ಹಗಲು ನನ್ನ ಪೇಜ್‌ಮೇಕರ್, ನುಡಿ, ಕ್ಯಾನನ್ ಎಲ್‌ಬಿಪಿ2900 ಪ್ರಿಂಟರ್. ರಾತ್ರಿ ಮಗನ ವ್ಯಾಲರಂಟ್, ಜಿಟಿಎ 5, ಕೌಂಟರ್ ಸ್ಟ್ರೈಕ್. ಈಗ ವಿಂಡೋಸ್ 10 ಮುಗಿಯಿತು ಅಂತ ಸೂಚನೆ ಬರುತ್ತಿದೆ. ಬೆಳಿಗ್ಗೆ ಆನ್ ಮಾಡಿದರೆ ಕೆಲಸಕ್ಕೆ ಬರಲು ಐದು ನಿಮಿಷ ಬೇಕು. ಒಂದು ಅಂಗಡಿಯವರು ಇದಕ್ಕೆ 11 ಬರೋದಿಲ್ಲ, 65 ಸಾವಿರದ ಹೊಸದು ತಗೊಳ್ಳಿ ಅಂದರು. ಇನ್ನೊಬ್ಬರು ಎರಡು ಸಾವಿರ ಕೊಡಿ, ಪೆನ್‌ಡ್ರೈವ್‌ನಿಂದ ಹಾಕಿಕೊಡ್ತೀನಿ ಅಂದರು. ತಮ್ಮನ ಮಗ ಇಂಜಿನಿಯರಿಂಗ್ ಓದುತ್ತಾನೆ, ಲಿನಕ್ಸ್ ಹಾಕಿ ಅತ್ತೆ, ಫ್ರೀ ಅಂತಾನೆ. ನಮ್ಮ ಯಜಮಾನರು ಮ್ಯಾಕ್ ಮಿನಿ ಒಳ್ಳೆಯದಂತೆ ಅಂತಾರೆ. ಯಾರ ಮಾತು ಕೇಳಲಿ?"

ಉತ್ತರ: ನಿಮ್ಮ ಕಂಪ್ಯೂಟರ್ ಸತ್ತಿಲ್ಲ ಮೇಡಂ. ಮೊದಲು ಅದೊಂದು ನೆಮ್ಮದಿ ಇರಲಿ. ಈ ತಿಂಗಳೇ 65 ಸಾವಿರ ಹೊಂದಿಸಬೇಕಾದ ಅಗತ್ಯವೂ ಇಲ್ಲ. ನಾನು ತುಮಕೂರಿನಲ್ಲಿ ಕಂಪ್ಯೂಟರ್ ಜೋಡಿಸುವ, ರಿಪೇರಿ ಮಾಡುವ ಕೆಲಸದಲ್ಲಿ ಇಪ್ಪತ್ತು ವರ್ಷದ ಮೇಲಿದ್ದೇನೆ. 2025ರ ಅಕ್ಟೋಬರ್‌ನಿಂದ ಈಚೆಗೆ ನನ್ನ ಮೇಜಿನ ಮೇಲೆ ಬಂದವುಗಳಲ್ಲಿ ಅರ್ಧಕ್ಕರ್ಧ ನಿಮ್ಮದರಂಥ ಯಂತ್ರಗಳೇ, ಮತ್ತು ಅವನ್ನು ತಂದವರ ಮುಖದಲ್ಲೂ ಇದೇ ಗಾಬರಿ.

ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ತೊಂದರೆಗಳು ಒಂದಕ್ಕೊಂದು ಸಿಕ್ಕು ಹಾಕಿಕೊಂಡಿವೆ. ವಿಂಡೋಸ್ 10ರ ಅವಧಿ ಮುಗಿದದ್ದು ಒಂದು. ಕಂಪ್ಯೂಟರ್ ನಿಧಾನ ಆಗಿರುವುದು ಇನ್ನೊಂದು. ಅಂಗಡಿಯ ಕೆಲಸ, ಮಗನ ಆಟ ಎರಡೂ ಒಂದೇ ಪೆಟ್ಟಿಗೆಯಲ್ಲಿ ಇರುವುದು ಮೂರನೆಯದು. ನಿಮಗೆ ಸಲಹೆ ಕೊಟ್ಟವರೆಲ್ಲ ಈ ಮೂರನ್ನೂ ಒಂದೇ ಏಟಿಗೆ ಮುಗಿಸಲು ನೋಡಿದ್ದಾರೆ. ಬಿಡಿಸಿ ನೋಡಿದರೆ ಖರ್ಚು ತುಂಬಾ ಕಡಿಮೆಯಾಗುತ್ತದೆ.

ಮೊದಲು ಆ ಸೂಚನೆಯ ವಿಷಯ. ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಉಚಿತ ಅಪ್‌ಡೇಟ್ ನಿಲ್ಲಿಸಿತು. ಅಷ್ಟೇ ಆಗಿರುವುದು. ಯಂತ್ರ ನಿಲ್ಲುವುದಿಲ್ಲ, ಫೈಲ್ ಹೋಗುವುದಿಲ್ಲ, ಮರುದಿನವೇ ವೈರಸ್ ಬಂದು ಕೂರುವುದೂ ಇಲ್ಲ. ಆದರೆ ಅಂದಿನಿಂದ ಹೊಸದಾಗಿ ಗೊತ್ತಾಗುವ ಭದ್ರತೆಯ ತೂತುಗಳನ್ನು ಮುಚ್ಚುವವರು ಇರುವುದಿಲ್ಲ. ಮನೆಯಲ್ಲಿ ಒಬ್ಬರೇ ಬಳಸುವ ಕಂಪ್ಯೂಟರ್ ಆಗಿದ್ದರೆ ಸ್ವಲ್ಪ ದಿನ ಸುಮ್ನೆ ಇರಬಹುದು ಅನ್ನುತ್ತಿದ್ದೆನೋ ಏನೋ. ನಿಮ್ಮದು ಹಾಗಲ್ಲ. ದಿನಕ್ಕೆ ಹತ್ತಾರು ಜನ ಪೆನ್‌ಡ್ರೈವ್ ಹಿಡಿದು ಬರುತ್ತಾರೆ, ವಾಟ್ಸ್ಯಾಪ್‌ನಲ್ಲಿ ಪಿಡಿಎಫ್ ಕಳಿಸುತ್ತಾರೆ, ಊರಿನವರ ಆಧಾರ್, ಪಹಣಿ, ಮಾರ್ಕ್ಸ್ ಕಾರ್ಡ್ ಎಲ್ಲ ನಿಮ್ಮ ಡೆಸ್ಕ್‌ಟಾಪ್ ಮೇಲೆ ಬಿದ್ದಿರುತ್ತವೆ. ಅಪಾಯ ನಿಮಗೆ ಬೇರೆಯವರಿಗಿಂತ ಜಾಸ್ತಿ. ಆದ್ದರಿಂದ ಸೂಚನೆಯನ್ನು ಮುಚ್ಚಿ ಮುಂದೆ ಹೋಗಬೇಡಿ.

ಇದಕ್ಕೆ ಸದ್ಯದ ದಾರಿ ಇದೆ, ಮತ್ತು ಅದನ್ನು ಯಾರೂ ನಿಮಗೆ ಹೇಳದೇ ಇರುವುದು ನನಗೆ ಬೇಸರ. ಮನೆ ಬಳಕೆಯ ವಿಂಡೋಸ್ 10ಕ್ಕೆ ಇನ್ನೊಂದು ವರ್ಷ, ಅಂದರೆ 2026ರ ಅಕ್ಟೋಬರ್ 13ರವರೆಗೆ, ಭದ್ರತೆಯ ಅಪ್‌ಡೇಟ್ ಮಾತ್ರ ಪಡೆಯುವ ವ್ಯವಸ್ಥೆಯನ್ನು ಮೈಕ್ರೋಸಾಫ್ಟೇ ಮಾಡಿದೆ. 30 ಡಾಲರ್ ಕಟ್ಟಬಹುದು. ಕಟ್ಟದೆಯೂ ಆಗುತ್ತದೆ. ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆಗಿ ಕಂಪ್ಯೂಟರ್‌ನ ಸೆಟ್ಟಿಂಗ್‌ಗಳನ್ನು ಆ ಅಕೌಂಟ್‌ಗೆ ಬ್ಯಾಕಪ್ ಆಗಲು ಬಿಟ್ಟರೆ ದುಡ್ಡಿಲ್ಲದೆ ಸಿಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್ ಪುಟ ತೆರೆದರೆ ಅಲ್ಲೇ ಸೇರಿಕೊಳ್ಳುವ ಲಿಂಕ್ ಕಾಣುತ್ತದೆ. ಕಾಣದಿದ್ದರೆ ನಿಮ್ಮ ವಿಂಡೋಸ್ 10 ಹಳೆಯ ಆವೃತ್ತಿಯದು. 22ಎಚ್2 ಅನ್ನುವ ಕೊನೆಯ ಆವೃತ್ತಿಗೆ ಮೊದಲು ಬನ್ನಿ. ಬ್ಯಾಕಪ್ ಅಂದ ತಕ್ಷಣ ನಿಮ್ಮ ಡಿಟಿಪಿ ಫೈಲ್‌ಗಳನ್ನೆಲ್ಲ ಮೇಲಕ್ಕೆ ಕಳಿಸಬೇಕಿಲ್ಲ. ಸೆಟ್ಟಿಂಗ್ ಮಾತ್ರ ಬಿಟ್ಟು ಫೋಲ್ಡರ್‌ಗಳ ಟಿಕ್ ತೆಗೆಯಿರಿ, ಇಲ್ಲದಿದ್ದರೆ ಒನ್‌ಡ್ರೈವ್‌ನ 5 ಜಿಬಿ ಉಚಿತ ಜಾಗ ಒಂದೇ ದಿನಕ್ಕೆ ತುಂಬಿ ಹೊಸ ತಲೆನೋವು ಶುರುವಾಗುತ್ತದೆ.

ಆಟಗಳು ವಿಂಡೋಸ್ 10ರಲ್ಲಿ ನಿಂತುಬಿಡುತ್ತವಾ ಅನ್ನುವ ಭಯ ಮಗನಿಗಿರಬಹುದು. ವಿಂಡೋಸ್ 7ರ ಅವಧಿ 2020ರ ಜನವರಿಯಲ್ಲಿ ಮುಗಿದಿತ್ತು. ಆಟಗಳನ್ನು ಮಾರುವ, ಓಡಿಸುವ ಸ್ಟೀಮ್ ಅನ್ನುವ ತಂತ್ರಾಂಶ ಅದನ್ನು ಕೈಬಿಟ್ಟದ್ದು 2024ರ ಜನವರಿಯಲ್ಲಿ. ನಾಲ್ಕು ವರ್ಷ ನಡೆಯಿತು. ಹತ್ತಕ್ಕೂ ಅಷ್ಟೇ ಸಿಗುತ್ತದೆ ಅಂತ ನಾನು ಮಾತು ಕೊಡುವುದಿಲ್ಲ, ಆದರೆ ನಾಳೆ ಬೆಳಿಗ್ಗೆ ಬಾಗಿಲು ಹಾಕುವುದಿಲ್ಲ.

ಇನ್ನು ನಿಧಾನದ ವಿಷಯ. ಇದಕ್ಕೂ ವಿಂಡೋಸ್ 10 ಹಳೆಯದಾದದ್ದಕ್ಕೂ ಸಂಬಂಧವೇ ಇಲ್ಲ. ನಾಳೆ ಬೆಳಿಗ್ಗೆ ಆನ್ ಮಾಡಿದ ಕೂಡಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಡಿಸ್ಕ್ ಅಂತ ಇರುವ ಕಡೆ ನೋಡಿ. ಶೇ. 100 ಅಂತ ತೋರಿಸುತ್ತಾ ನಿಂತಿರುತ್ತದೆ, ಪ್ರೊಸೆಸರ್ ಮಾತ್ರ ಶೇ. 10, 20ರಲ್ಲಿ ಆರಾಮಾಗಿ ಕೂತಿರುತ್ತದೆ. ಕೆಲಸ ಮಾಡುವವನಿಗೆ ಸಾಮಾನು ಎತ್ತಿಕೊಡುವವನೇ ಇಲ್ಲ ಅನ್ನುವ ಸ್ಥಿತಿ ಅದು. ಹಾರ್ಡ್‌ಡಿಸ್ಕ್ ಒಳಗೆ ತಟ್ಟೆ ತಿರುಗುತ್ತದೆ, ಒಂದು ಮುಳ್ಳು ಅತ್ತಿತ್ತ ಓಡಾಡಿ ಓದುತ್ತದೆ. ದೊಡ್ಡ ಸಿನಿಮಾ ಫೈಲ್ ಒಂದನ್ನು ಓದುವಾಗ ಅದು ಪರವಾಗಿಲ್ಲ. ಆದರೆ ವಿಂಡೋಸ್ ಶುರುವಾಗುವಾಗ ಸಾವಿರಾರು ಚಿಕ್ಕ ಚಿಕ್ಕ ಫೈಲ್‌ಗಳು ಬೇಕು. ಒಂದೊಂದಕ್ಕೂ ಮುಳ್ಳು ಒಂದೊಂದು ಕಡೆ ಓಡಬೇಕು. ಹಾರ್ಡ್‌ಡಿಸ್ಕ್ ಬದಲಿಗೆ ಬಂದಿರುವ, ಚಿಪ್‌ಗಳಲ್ಲೇ ಬರೆದಿಡುವ ಎಸ್‌ಎಸ್‌ಡಿಯಲ್ಲಿ ತಿರುಗುವುದು, ಓಡುವುದು ಏನೂ ಇಲ್ಲ. ಹಾರ್ಡ್‌ಡಿಸ್ಕ್‌ನಂಥದೇ ಕೇಬಲ್‌ಗೆ ಸಿಕ್ಕಿಸುವ ಸಾಮಾನ್ಯ ಸಾಟಾ ಎಸ್‌ಎಸ್‌ಡಿ ಕೂಡ ಸೆಕೆಂಡಿಗೆ 500 ಎಂಬಿ ಹತ್ತಿರ ಓದುತ್ತದೆ, ಹಾರ್ಡ್‌ಡಿಸ್ಕ್ 100ರಿಂದ 150. ಚಿಕ್ಕ ಫೈಲ್‌ಗಳಲ್ಲಿ ಈ ಅಂತರ ಇನ್ನೂ ಎಷ್ಟೋ ಪಟ್ಟು ದೊಡ್ಡದು.

ಇದನ್ನು ಇಷ್ಟು ಉದ್ದ ಬರೆಯಲು ಕಾರಣ ಇದೆ. ಹೊಸ ಕಂಪ್ಯೂಟರ್ ತಗೊಂಡು ಅಬ್ಬಾ ಎಷ್ಟು ಫಾಸ್ಟ್ ಅಂತ ಖುಷಿಪಟ್ಟವರಲ್ಲಿ ಬಹಳ ಜನ ನಿಜವಾಗಿ ಖುಷಿಪಟ್ಟಿರುವುದು ಅದರೊಳಗಿನ ಎಸ್‌ಎಸ್‌ಡಿಗೆ. ನಿಮ್ಮ ಹಳೆಯ ಯಂತ್ರಕ್ಕೇ ಒಂದು 500 ಜಿಬಿಯ ಸಾಟಾ ಎಸ್‌ಎಸ್‌ಡಿ ಹಾಕಿ, ಈಗಿರುವ ವಿಂಡೋಸನ್ನು ಹಾಗೇ ಅದಕ್ಕೆ ಕ್ಲೋನ್ ಮಾಡಿಸಿ. ಪೇಜ್‌ಮೇಕರ್, ನುಡಿ, ಪ್ರಿಂಟರ್ ಯಾವುದನ್ನೂ ಮತ್ತೆ ಇನ್‌ಸ್ಟಾಲ್ ಮಾಡಬೇಕಿಲ್ಲ. ಹಳೆಯ ಹಾರ್ಡ್‌ಡಿಸ್ಕ್ ಅಲ್ಲೇ ಇರಲಿ, ಹಳೆಯ ಕೆಲಸಗಳ ಗೋದಾಮಾಗಿ. ಜೊತೆಗೆ ಇನ್ನೊಂದು 8 ಜಿಬಿ ರ‍್ಯಾಮ್ ಸ್ಟಿಕ್. ನಿಮ್ಮ ಎಚ್110 ಬೋರ್ಡ್‌ನಲ್ಲಿ ಎರಡು ಸ್ಲಾಟ್ ಇರುತ್ತವೆ, ಈಗ ಒಂದು ಖಾಲಿ. ಎರಡು ಸ್ಟಿಕ್ ಇದ್ದರೆ ಪ್ರೊಸೆಸರ್ ಎರಡೂ ಕಡೆಯಿಂದ ಒಟ್ಟಿಗೆ ಓದುತ್ತದೆ, ಆಟದಲ್ಲಿ ಅದರ ಫಲ ಕಾಣುತ್ತದೆ. ಒಂದೇ ಕಷ್ಟ, 2025ರ ಕೊನೆಯಿಂದ ರ‍್ಯಾಮ್ ಬೆಲೆ ಜಗತ್ತಿನಾದ್ಯಂತ ಏರಿದೆ. ಎಐ ಡೇಟಾ ಸೆಂಟರ್‌ಗಳಿಗಾಗಿ ಮೆಮೊರಿ ಚಿಪ್‌ಗಳನ್ನು ದೊಡ್ಡ ಕಂಪನಿಗಳು ಎತ್ತಿಕೊಳ್ಳುತ್ತಿವೆ. ಹೊಸ ಸ್ಟಿಕ್ ದುಬಾರಿ ಅನಿಸಿದರೆ ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಸೆಕೆಂಡ್ ಹ್ಯಾಂಡ್ ಡಿಡಿಆರ್4 ಸಿಗುತ್ತದೆ. ರ‍್ಯಾಮ್ ಸೆಕೆಂಡ್ ಹ್ಯಾಂಡ್ ತಗೊಳ್ಳುವುದರಲ್ಲಿ ಹೆಚ್ಚು ಅಪಾಯ ಇಲ್ಲ, ಅಂಗಡಿಯಲ್ಲೇ ಹಾಕಿ ಪರೀಕ್ಷಿಸಿ ತನ್ನಿ. ಎಸ್‌ಎಸ್‌ಡಿ ಮಾತ್ರ ಹೊಸದೇ ಇರಲಿ, ಅದು ಬರೆದಷ್ಟೂ ಸವೆಯುವ ವಸ್ತು.

ಈಗ ವಿಂಡೋಸ್ 11. ಇದಕ್ಕೆ ಬರೋದಿಲ್ಲ ಅಂತ ಅಂಗಡಿಯವರು ಹೇಳಿದ್ದು ಸುಳ್ಳಲ್ಲ. 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ಪು ಬೇಕು, ಆನ್ ಆಗುವಾಗ ನಂಬಿಕಸ್ಥ ತಂತ್ರಾಂಶ ಮಾತ್ರ ಶುರುವಾಗುವಂತೆ ನೋಡಿಕೊಳ್ಳುವ ಸೆಕ್ಯೂರ್ ಬೂಟ್ ಬೇಕು, ಇಂಟೆಲ್‌ನಲ್ಲಾದರೆ 8ನೇ ಜನರೇಶನ್ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು. ನಿಮ್ಮದು 6ನೇ ಜನರೇಶನ್. 8ನೆಯದು ಡೆಸ್ಕ್‌ಟಾಪ್‌ಗೆ ಬಂದದ್ದು 2017ರ ಅಕ್ಟೋಬರ್‌ನಲ್ಲಿ, ನೀವು ತಗೊಂಡು ಅರ್ಧ ವರ್ಷ ಆದ ಮೇಲೆ. ನಿಮ್ಮ ತಪ್ಪೇನೂ ಇಲ್ಲ. ಟಿಪಿಎಂ ವಿಷಯದಲ್ಲಿ ಒಂದು ಗೊಂದಲ ಇದೆ. ಅದಕ್ಕೆ ಬೇರೆ ಚಿಪ್ಪು ಕೊಂಡು ಹಾಕಬೇಕು ಅಂತ ಕೆಲವರು ಹೇಳುತ್ತಾರೆ. 6ನೇ ಜನರೇಶನ್‌ನ ಹಲವು ಬೋರ್ಡ್‌ಗಳಲ್ಲೇ ಪಿಟಿಟಿ ಅನ್ನುವ ಹೆಸರಿನಲ್ಲಿ ಅದು ಬಯಾಸ್ ಒಳಗೆ, ಅಂದರೆ ಬೋರ್ಡ್‌ನಲ್ಲೇ ಇರುವ ಮೂಲ ತಂತ್ರಾಂಶದೊಳಗೆ, ಇರುತ್ತದೆ, ಆಫ್ ಆಗಿರುತ್ತದೆ ಅಷ್ಟೇ. ಆದರೂ ಪ್ರೊಸೆಸರ್ ಪಟ್ಟಿಯಲ್ಲಿ ಇಲ್ಲದ್ದರಿಂದ ನಿಮ್ಮದು ಅಧಿಕೃತವಾಗಿ 11ಕ್ಕೆ ಹೋಗುವುದಿಲ್ಲ.

ಎರಡು ಸಾವಿರಕ್ಕೆ ಪೆನ್‌ಡ್ರೈವ್‌ನಿಂದ ಹಾಕಿಕೊಡುತ್ತೇನೆ ಅಂದವರು ಮಾಡುವುದು ಈ ಪರೀಕ್ಷೆಗಳನ್ನು ಹಾರಿಸಿ ಇನ್‌ಸ್ಟಾಲ್ ಮಾಡುವ ಕೆಲಸ. ಆಗುತ್ತದೆ. ನಿಮ್ಮ ಯಂತ್ರದಲ್ಲಿ 11 ಓಡುತ್ತದೆ ಕೂಡ. ಆದರೆ ಇಂಥ ಯಂತ್ರಗಳಿಗೆ ಅಪ್‌ಡೇಟ್ ಸಿಗುತ್ತದೆ ಅನ್ನುವ ಭರವಸೆ ಇಲ್ಲ ಅಂತ ಮೈಕ್ರೋಸಾಫ್ಟ್ ಮೊದಲೇ ಹೇಳಿದೆ, ಮತ್ತು ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿ ತಾನಾಗಿ ಬರುವುದಿಲ್ಲ, ಪ್ರತಿ ಸಲ ಮತ್ತೆ ಯಾರಾದರೂ ಕೂತು ಹಾಕಬೇಕು. ನಿಮ್ಮ ಮಗನಿಗೆ ಇನ್ನೊಂದು ದೊಡ್ಡ ಏಟಿದೆ. ವ್ಯಾಲರಂಟ್ ವಿಂಡೋಸ್ 11ರಲ್ಲಿ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎರಡೂ ಆನ್ ಇದೆಯೇ ಅಂತ ತಾನೇ ನೋಡುತ್ತದೆ. ಇಲ್ಲದಿದ್ದರೆ ಎರರ್ ಕೊಟ್ಟು ನಿಲ್ಲುತ್ತದೆ. ವಿಂಡೋಸ್ 10ರಲ್ಲಿ ಚೆನ್ನಾಗಿ ಓಡುತ್ತಿದ್ದ ಆಟ 11 ಹಾಕಿಸಿದ ಮೇಲೆ ಓಡುತ್ತಿಲ್ಲ ಅಂತ ಹುಡುಗರು ನನ್ನ ಹತ್ತಿರ ಬರುವುದು ಇದೇ ಕಾರಣಕ್ಕೆ. ಪಿಟಿಟಿ ಆನ್ ಮಾಡಿ, ಡಿಸ್ಕಿನ ಭಾಗಗಳ ಪಟ್ಟಿಯನ್ನು ಎಂಬಿಆರ್ ಅನ್ನುವ ಹಳೆಯ ಬಗೆಯಿಂದ ಜಿಪಿಟಿ ಅನ್ನುವ ಹೊಸ ಬಗೆಗೆ ಬದಲಿಸಿ, ಆಮೇಲೆ ಸೆಕ್ಯೂರ್ ಬೂಟ್ ಹಾಕಿ ಕೆಲವನ್ನು ಸರಿಮಾಡಿಕೊಟ್ಟಿದ್ದೇನೆ. ಎಲ್ಲ ಬೋರ್ಡ್‌ನಲ್ಲೂ ಆಗಿಲ್ಲ. ಅಂಗಡಿ ನಡೆಯುವ ಯಂತ್ರದ ಮೇಲೆ ಈ ಪ್ರಯೋಗ ನನಗೆ ಇಷ್ಟವಿಲ್ಲ.

11 ಹಾಕಿದರೆ ಆಟ ಫಾಸ್ಟ್ ಆಗುತ್ತದೆ ಅನ್ನುವ ಮಾತು ಕೂಡ ಕೇಳಿರುತ್ತೀರಿ. ಅದೇ ಪ್ರೊಸೆಸರ್, ಅದೇ ಕಾರ್ಡ್ ಇದ್ದರೆ ಗೊತ್ತಾಗುವಷ್ಟು ವ್ಯತ್ಯಾಸ ಬರುವುದಿಲ್ಲ. ಇಂಟೆಲ್‌ನ 12ನೇ ಜನರೇಶನ್‌ನಿಂದ ಈಚೆಗೆ ಕೆಲವು ಪ್ರೊಸೆಸರ್‌ಗಳಲ್ಲಿ ಕೋರ್ ಅನ್ನುವ ಲೆಕ್ಕ ಮಾಡುವ ಭಾಗಗಳಲ್ಲೇ ದೊಡ್ಡದು, ಚಿಕ್ಕದು ಅಂತ ಎರಡು ಬಗೆ ಬಂದವು, ಅವುಗಳಿಗೆ ಕೆಲಸ ಹಂಚುವುದನ್ನು 11 ಚೆನ್ನಾಗಿ ಮಾಡುತ್ತದೆ. ನಿಮ್ಮದರಲ್ಲಿ ಇರುವುದು ಒಂದೇ ಬಗೆಯ ನಾಲ್ಕು ಕೋರ್. ಬಳಸುವ ರೀತಿಯಲ್ಲಿ 11ಕ್ಕೂ 10ಕ್ಕೂ ದೂರ ಇಲ್ಲ. ಸ್ಟಾರ್ಟ್ ಬಟನ್ ನಡುವಿಗೆ ಬಂದಿದೆ, ರೈಟ್ ಕ್ಲಿಕ್ ಮೆನು ಬದಲಾಗಿದೆ, ಒಂದು ವಾರದಲ್ಲಿ ಕೈಗೆ ಹತ್ತುತ್ತದೆ.

ಇಲ್ಲೇ ಒಂದು ಎಚ್ಚರಿಕೆ. ಪ್ರೊಸೆಸರ್ ಮಾತ್ರ 8ನೇ ಜನರೇಶನ್‌ದು ತಂದು ಇದೇ ಬೋರ್ಡ್‌ಗೆ ಹಾಕಿಸಿ ಅಂತ ಯಾರಾದರೂ ಹೇಳಬಹುದು. ಸಾಕೆಟ್ ಹೆಸರು ಎರಡಕ್ಕೂ 1151 ಅಂತಲೇ ಇರುವುದರಿಂದ ನಂಬಿಕೆ ಬಂದುಬಿಡುತ್ತದೆ. ಅಳತೆಗೆ ಕೂರುತ್ತದೆ, ಆದರೆ ಆನ್ ಆಗುವುದಿಲ್ಲ. 8ನೆಯದಕ್ಕೆ 300 ಸರಣಿಯ ಬೋರ್ಡೇ ಬೇಕು. ನಿಮ್ಮ ಎಚ್110ಕ್ಕೆ ಬಯಾಸ್ ಅಪ್‌ಡೇಟ್ ಮಾಡಿದರೆ 7ನೇ ಜನರೇಶನ್‌ವರೆಗೆ ಹೋಗಬಹುದು, ಹೋದರೂ 11ರ ಪಟ್ಟಿಗೆ ಸೇರುವುದಿಲ್ಲ. ಆ ದುಡ್ಡು ದಂಡ. ಬಯಾಸ್ ಅಪ್‌ಡೇಟ್ ಅಂದಾಗಲೆಲ್ಲ ನನಗೆ ಒಂದು ಸಂಜೆ ನೆನಪಾಗುತ್ತದೆ. ಗಿರಾಕಿಯೊಬ್ಬರ ಬೋರ್ಡ್‌ಗೆ ಅಪ್‌ಡೇಟ್ ಹಾಕಿ ಅರ್ಧ ಆಗಿತ್ತು, ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಹಳೆಯದಾಗಿತ್ತು, ಹಿಡಿಯಲಿಲ್ಲ. ಬೋರ್ಡ್ ಮತ್ತೆ ಏಳಲೇ ಇಲ್ಲ, ನನ್ನ ಕೈಯಿಂದ ಹೊಸದು ಕೊಡಿಸಿದೆ. ಅಂದಿನಿಂದ ಯುಪಿಎಸ್ ಪರೀಕ್ಷಿಸದೆ ಆ ಕೆಲಸಕ್ಕೆ ಕೈ ಹಾಕಿಲ್ಲ. ನಿಮ್ಮಲ್ಲೂ ಕರೆಂಟ್ ಹೋಗಿ ಬಂದು ಮಾಡುತ್ತದೆ ಅಲ್ವಾ, ವಿಂಡೋಸ್‌ನ ದೊಡ್ಡ ಅಪ್‌ಡೇಟ್ ಕೂಡ ಯುಪಿಎಸ್ ಇಲ್ಲದೆ ಹಾಕಬೇಡಿ.

ಲಿನಕ್ಸ್, ಅಂದರೆ ವಿಂಡೋಸ್ ಬದಲಿಗೆ ಪುಕ್ಕಟೆ ಸಿಗುವ ಆಪರೇಟಿಂಗ್ ಸಿಸ್ಟಂ, ಅದರ ಬಗ್ಗೆ ನಿಮ್ಮ ತಮ್ಮನ ಮಗ ಹೇಳಿದ್ದನ್ನು ತಳ್ಳಿಹಾಕಬೇಡಿ. ಲಿನಕ್ಸ್‌ನಲ್ಲಿ ಆಟ ಆಡಲು ಆಗುವುದಿಲ್ಲ ಅನ್ನುವುದು ಹಳೆಯ ಮಾತು. ನನ್ನ ಮನೆಯಲ್ಲಿ ಲಿನಕ್ಸ್ ಮಿಂಟ್ ಇದೆ, ಅದರ ಮೇಲೆ ನನಗೆ ಪ್ರೀತಿ ಇದೆ. ಸ್ಟೀಮ್ ನಡೆಸುವ ವಾಲ್ವ್ ಕಂಪನಿ 2018ರ ಆಗಸ್ಟ್‌ನಲ್ಲಿ ಪ್ರೋಟಾನ್ ಅನ್ನುವುದನ್ನು ತಂದಿತು. ವಿಂಡೋಸ್‌ಗಾಗಿ ಬರೆದ ಆಟ ಏನು ಕೇಳುತ್ತದೋ ಅದನ್ನು ಲಿನಕ್ಸ್‌ಗೆ ಅರ್ಥವಾಗುವ ಹಾಗೆ ಓಡುತ್ತಿರುವಾಗಲೇ ತಿರುಗಿಸಿ ಹೇಳುವ ದುಭಾಷಿ ಅದು. 1993ರಲ್ಲಿ ಶುರುವಾದ ವೈನ್ ಅನ್ನುವ ಕೆಲಸದ ಮೇಲೆ ಕಟ್ಟಿದ್ದು. 2022ರ ಫೆಬ್ರವರಿಯಲ್ಲಿ ಅದೇ ಕಂಪನಿಯ ಸ್ಟೀಮ್ ಡೆಕ್ ಬಂತು. ಕೈಯಲ್ಲಿ ಹಿಡಿದು ಆಡುವ ಆ ಯಂತ್ರದೊಳಗೆ ಇರುವುದೂ ಲಿನಕ್ಸೇ. ಅದರಿಂದ ಪ್ರೋಟಾನ್ ಬಹಳ ಸುಧಾರಿಸಿತು. ಒಬ್ಬರೇ ಕೂತು ಆಡುವ ಸ್ಟೀಮ್ ಆಟಗಳಲ್ಲಿ ಬಹುಪಾಲು ಈಗ ಇನ್‌ಸ್ಟಾಲ್ ಒತ್ತಿ, ಪ್ಲೇ ಒತ್ತಿ ಆಡುವಷ್ಟು ಸುಲಭ. 2025ರ ಅಕ್ಟೋಬರ್‌ನಲ್ಲಿ ಸ್ಟೀಮ್‌ನವರದೇ ಲೆಕ್ಕದಲ್ಲಿ ಲಿನಕ್ಸ್ ಬಳಸುವವರು ಮೊದಲ ಸಲ ಶೇ. 3 ದಾಟಿದರು. ಚಿಕ್ಕ ಸಂಖ್ಯೆಯೇ, ಆದರೆ ಬೆಳೆಯುತ್ತಿದೆ.

ನಿಮ್ಮ ಮಗನ ಮೂರು ಆಟಗಳನ್ನು ಇದರ ಮೇಲಿಟ್ಟು ನೋಡೋಣ. ಕೌಂಟರ್ ಸ್ಟ್ರೈಕ್ 2ಕ್ಕೆ ಲಿನಕ್ಸ್‌ನ ಸ್ವಂತ ಆವೃತ್ತಿಯೇ ಇದೆ. ಜಿಟಿಎ 5ರ ಕಥೆಯ ಭಾಗ ಪ್ರೋಟಾನ್‌ನಲ್ಲಿ ಓಡುತ್ತದೆ, ಆದರೆ 2024ರ ಸೆಪ್ಟೆಂಬರ್‌ನಲ್ಲಿ ಅದರ ಆನ್‌ಲೈನ್ ಭಾಗಕ್ಕೆ ಬ್ಯಾಟಲ್‌ಐ ಅನ್ನುವ ಕಾವಲು ತಂತ್ರಾಂಶ ಹಾಕಿದ ಮೇಲೆ ಲಿನಕ್ಸ್‌ನಲ್ಲಿ ಆನ್‌ಲೈನ್ ಬಂದ್ ಆಯಿತು. ವ್ಯಾಲರಂಟ್ ಓಡುವುದೇ ಇಲ್ಲ. ಫೋರ್ಟ್‌ನೈಟ್ ಕೂಡ ಇಲ್ಲ. ಇದು ಲಿನಕ್ಸ್‌ನ ಶಕ್ತಿ ಸಾಲದೆ ಆದದ್ದಲ್ಲ. ಆನ್‌ಲೈನ್ ಆಟದಲ್ಲಿ ಮೋಸ ಹಿಡಿಯಲು ಕಂಪನಿಗಳು ವಿಂಡೋಸ್‌ನ ತಳದಲ್ಲೇ, ಕರ್ನೆಲ್ ಅನ್ನುವ ಒಳಕೋಣೆಯಲ್ಲೇ, ತಮ್ಮ ಕಾವಲುಗಾರನನ್ನು ಕೂರಿಸುತ್ತವೆ. ವ್ಯಾಲರಂಟ್‌ನ ವ್ಯಾನ್‌ಗಾರ್ಡ್ ಹಾಗೇ ಇದೆ, ಕಂಪ್ಯೂಟರ್ ಆನ್ ಆಗುವಾಗಲೇ ಎದ್ದು ಕೂರುತ್ತದೆ. ಲಿನಕ್ಸ್‌ನಲ್ಲಿ ಆ ಒಳಕೋಣೆಯನ್ನು ಬಳಸುವವರೇ ತಮಗೆ ಬೇಕಾದ ಹಾಗೆ ಬದಲಿಸಬಹುದು. ಹಾಗಾಗಿ ಕಂಪನಿಗೆ ನಂಬಿಕೆ ಇಲ್ಲ, ಬಾಗಿಲು ತೆರೆಯುವುದಿಲ್ಲ. ಅದು ಅವರ ತೀರ್ಮಾನ, ನಿಮ್ಮ ಮಗ ಎಷ್ಟು ಜಾಣನಾದರೂ ದಾಟಲು ಆಗದು. ಅಡ್ಡದಾರಿ ಹುಡುಕಿದರೆ ಅವನ ಅಕೌಂಟೇ ಬ್ಯಾನ್ ಆಗುತ್ತದೆ.

ಇದರ ಮೇಲೆ ನಿಮ್ಮ 1050 ಟಿಐ ಕಾರ್ಡಿನದೊಂದು ತೊಡಕು. ಎಎಂಡಿ ಕಾರ್ಡಿಗೆ ಬೇಕಾದ ಡ್ರೈವರ್ ಲಿನಕ್ಸ್ ಜೊತೆಗೇ ಬರುತ್ತದೆ. ಎನ್‌ವಿಡಿಯಾದ್ದನ್ನು ಬೇರೆಯಾಗಿ ಹಾಕಬೇಕು, ಮತ್ತು ನಿಮ್ಮ ಕಾರ್ಡಿನ ತಲೆಮಾರಿಗೆ ಲಿನಕ್ಸ್‌ನಲ್ಲಿ 580 ಸರಣಿಯ ಡ್ರೈವರೇ ಕೊನೆಯದು. ವಿಂಡೋಸ್‌ನಲ್ಲೂ ಹೊಸ ಆಟಗಳಿಗಾಗಿ ಬರುವ ಡ್ರೈವರ್ ಇದಕ್ಕೆ 2025ರ ಅಕ್ಟೋಬರ್‌ಗೆ ನಿಂತಿತು, ಇನ್ನು 2028ರ ಅಕ್ಟೋಬರ್‌ವರೆಗೆ ಭದ್ರತೆಯ ಅಪ್‌ಡೇಟ್ ಮಾತ್ರ. ಈಗ ಆಡುತ್ತಿರುವ ಆಟಗಳಿಗೆ ಇದರಿಂದ ಏನೂ ಆಗುವುದಿಲ್ಲ.

ಆಟಕ್ಕಿಂತ ನಿಮ್ಮ ಕೆಲಸದ ವಿಷಯದಲ್ಲೇ ನಾನು ಲಿನಕ್ಸ್ ಬೇಡ ಅನ್ನುವುದು. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ, ಕಂಪನಿ ಅದನ್ನು ಯಾವತ್ತೋ ಕೈಬಿಟ್ಟಿದೆ, ಆದರೂ ನಮ್ಮ ಊರುಗಳ ಮದುವೆ ಪತ್ರಿಕೆ, ಕರಪತ್ರ ಇವತ್ತಿಗೂ ಅದರಲ್ಲೇ ಹುಟ್ಟುತ್ತವೆ. ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ನಿಮ್ಮ ಎಷ್ಟೋ ವರ್ಷದ ಫೈಲ್‌ಗಳಿವೆ. ಲಿನಕ್ಸ್‌ನಲ್ಲಿ ಯೂನಿಕೋಡ್ ಕನ್ನಡ ಟೈಪಿಂಗ್ ಚೆನ್ನಾಗೇ ಇದೆ, ಕೆಜಿಪಿ ಕೀಲಿಮಣೆಯೂ ಇದೆ. ಆದರೆ ನಿಮ್ಮ ಪೇಜ್‌ಮೇಕರ್‌ಗೆ ಬೇಕಾದದ್ದು ಅದಲ್ಲ, ಯೂನಿಕೋಡ್ ಅಲ್ಲದ ಆ ಹಳೆಯ ನುಡಿ ಫಾಂಟ್. ಎಲ್‌ಬಿಪಿ2900 ಪ್ರಿಂಟರ್ ಬಗ್ಗೆ ಹೇಳಲೇಬೇಕು. ಗಟ್ಟಿ ಪ್ರಿಂಟರ್, ಜೆರಾಕ್ಸ್ ಅಂಗಡಿಗಳಲ್ಲೆಲ್ಲ ಇದೆ. ಲಿನಕ್ಸ್‌ನಲ್ಲಿ ಅದರ ಡ್ರೈವರ್ ಕೂರಿಸಲು ನಾನು ಒಮ್ಮೆ ಇಡೀ ಭಾನುವಾರ ಕಳೆದಿದ್ದೇನೆ. ಪ್ರಿಂಟ್ ಬಂತು, ಎರಡು ದಿನ ಬಿಟ್ಟು ನಿಂತಿತು. ಶಾಲೆ ಶುರುವಾಗುವ ಜೂನ್ ತಿಂಗಳಲ್ಲಿ ಅಂಗಡಿ ಮುಂದೆ ಜನ ನಿಂತಿರುವಾಗ ನಿಮಗೆ ಆ ಕಷ್ಟ ಬೇಡ.

ಮ್ಯಾಕ್ ಮಿನಿ ಒಳ್ಳೆಯ ಯಂತ್ರ. ಸದ್ದಿಲ್ಲ, ಕರೆಂಟ್ ಕಡಿಮೆ, ಈಗಿನದರಲ್ಲಿ 16 ಜಿಬಿ ರ‍್ಯಾಮ್ ಮೊದಲೇ ಇದೆ. ಆದರೆ ವ್ಯಾಲರಂಟ್ ಮ್ಯಾಕ್‌ಗೆ ಇಲ್ಲ, ಜಿಟಿಎ 5 ಇಲ್ಲ, ಕೌಂಟರ್ ಸ್ಟ್ರೈಕ್ 2 ಕೂಡ ಮ್ಯಾಕ್‌ಗೆ ಬರಲಿಲ್ಲ. ಪೇಜ್‌ಮೇಕರ್ ಈಗಿನ ಮ್ಯಾಕ್‌ಗಳಲ್ಲಿ ಓಡುವುದಿಲ್ಲ. ರ‍್ಯಾಮ್ ಪ್ರೊಸೆಸರ್ ಜೊತೆಗೇ ಸೇರಿಕೊಂಡಿರುವುದರಿಂದ ಕೊಂಡ ದಿನ ಎಷ್ಟಿತ್ತೋ ಅಷ್ಟೇ, ಮುಂದೆ ಹಾಕಿಸಲು ಆಗದು. ನಿಮ್ಮ ಮನೆಗೆ ಹೊಂದುವುದಿಲ್ಲ. ಯಜಮಾನರಿಗೆ ಹೀಗೆ ಹೇಳಿ.

ಹಾಗಾದರೆ ಏನು ಮಾಡುವುದು? ನಿಮ್ಮ ಜಾಗದಲ್ಲಿ ನಾನಿದ್ದರೆ ಈಗ ಎಸ್‌ಎಸ್‌ಡಿ, ಕೈಗೆಟುಕಿದರೆ ರ‍್ಯಾಮ್, ಮತ್ತು ಆ ಒಂದು ವರ್ಷದ ಭದ್ರತಾ ಅಪ್‌ಡೇಟ್ ಇಷ್ಟನ್ನು ಮಾಡುತ್ತಿದ್ದೆ. ಅವಧಿ ಮುಗಿಯುವಷ್ಟರಲ್ಲಿ ಬೋರ್ಡ್ ಮತ್ತು ಪ್ರೊಸೆಸರ್ ಎರಡನ್ನು ಮಾತ್ರ ಬದಲಿಸುತ್ತಿದ್ದೆ. ಡೆಸ್ಕ್‌ಟಾಪ್‌ನ ದೊಡ್ಡ ಗುಣವೇ ಇದು, ಹಬ್ಬಕ್ಕೊಂದು ಸಾಮಾನು ಅಂತ ಬದಲಿಸಿಕೊಂಡು ಹೋಗಬಹುದು. ನಿಮ್ಮ ಡಿಡಿಆರ್4 ರ‍್ಯಾಮ್ ವ್ಯರ್ಥ ಆಗಬಾರದು, ಹಾಗಾಗಿ ಡಿಡಿಆರ್4 ಹಿಡಿಯುವ ಬೋರ್ಡನ್ನೇ ಹುಡುಕಿ. ಎರಡು ಜೋಡಿ ಇದಕ್ಕೆ ಸರಿಯಾಗುತ್ತವೆ. ಒಂದು, ಎಎಂ4 ಸಾಕೆಟ್‌ನ ಬಿ550 ಅಥವಾ ಎ520 ಬೋರ್ಡ್ ಜೊತೆ ರೈಜೆನ್ 5 5600. ಆರು ಕೋರ್, ಹನ್ನೆರಡು ಥ್ರೆಡ್, ಅಂದರೆ ಒಂದೇ ಹೊತ್ತಿಗೆ ಹನ್ನೆರಡು ಕೆಲಸ ಹಿಡಿಯಬಲ್ಲದು. ಇನ್ನೊಂದು, ಡಿಡಿಆರ್4 ಇರುವ ಎಚ್610 ಬೋರ್ಡ್ ಜೊತೆ ಐ3-12100ಎಫ್. ನಾಲ್ಕೇ ಕೋರ್ ಆದರೂ ಎಂಟು ಥ್ರೆಡ್, ನಿಮ್ಮ ಹಳೆಯ ಐ5ಗಿಂತ ಎಷ್ಟೋ ಮುಂದೆ. ಎರಡೂ ವಿಂಡೋಸ್ 11ರ ಪಟ್ಟಿಯಲ್ಲಿವೆ, ವ್ಯಾಲರಂಟ್ ಕೇಳುವುದೆಲ್ಲ ಇವುಗಳಲ್ಲಿದೆ. ಎಚ್610 ಬೋರ್ಡ್ ಕೊಳ್ಳುವಾಗ ಡಬ್ಬದ ಮೇಲೆ ಡಿಡಿಆರ್4 ಅಂತ ಇದೆಯೇ ಕಣ್ಣಾರೆ ನೋಡಿ, ಅದೇ ಹೆಸರಲ್ಲಿ ಡಿಡಿಆರ್5ರದೂ ಬರುತ್ತದೆ. ಇವೆರಡು ಪ್ರೊಸೆಸರ್‌ನಲ್ಲೂ ಒಳಗೆ ಗ್ರಾಫಿಕ್ಸ್ ಇಲ್ಲ. ನಿಮ್ಮ ಕಾರ್ಡ್ ಕೆಟ್ಟ ದಿನ ತೆರೆಯೇ ಬರುವುದಿಲ್ಲ, ಅಂಗಡಿ ನಿಲ್ಲುತ್ತದೆ. ಆ ಭಯ ಇದ್ದರೆ ಗ್ರಾಫಿಕ್ಸ್ ಇರುವ ರೈಜೆನ್ 5 5600ಜಿ ಅಥವಾ ಎಫ್ ಅಕ್ಷರ ಇಲ್ಲದ ಐ3-12100 ತಗೊಳ್ಳಿ. ಅಂಗಡಿಯ ದೃಷ್ಟಿಯಿಂದ ನನಗೆ ಇದೇ ಸರಿ ಅನಿಸುತ್ತದೆ.

ಇದರಲ್ಲಿ ಅಪಾಯ ಇಲ್ಲ ಅಂತಲ್ಲ. ಬೋರ್ಡ್ ಬದಲಿಸಿದರೆ ವಿಂಡೋಸ್ ಲೈಸೆನ್ಸ್ ಹೋಗಬಹುದು. ಕಂಪ್ಯೂಟರ್ ಜೊತೆಗೇ ಬಂದ ಲೈಸೆನ್ಸ್ ಆ ಬೋರ್ಡ್‌ಗೇ ಅಂಟಿರುತ್ತದೆ. ಡಬ್ಬದಲ್ಲಿ ಬೇರೆಯಾಗಿ ಕೊಂಡದ್ದಾದರೆ ಹೊಸ ಬೋರ್ಡ್‌ಗೆ ತರಬಹುದು. ಬೋರ್ಡ್ ಬಿಚ್ಚುವ ಮೊದಲೇ ಲೈಸೆನ್ಸನ್ನು ಮೈಕ್ರೋಸಾಫ್ಟ್ ಅಕೌಂಟ್‌ಗೆ ಸೇರಿಸಿಡಿ. ನಿಮ್ಮಲ್ಲಿರುವುದು ಯಾರೋ ಆಕ್ಟಿವೇಟರ್ ಅನ್ನುವ ಕಳ್ಳ ಪ್ರೋಗ್ರಾಮ್ ಹಾಕಿಕೊಟ್ಟ ವಿಂಡೋಸ್ ಆಗಿದ್ದರೆ, ಬಹಳ ಕಡೆ ಹಾಗೇ ಇರುತ್ತದೆ, ದಯವಿಟ್ಟು ಈ ಸಲ ಬದಲಿಸಿ. ಆಂಟಿವೈರಸ್ ಆಫ್ ಮಾಡಿ ಓಡಿಸಿ ಅಂತ ಕೇಳುವ ಪ್ರೋಗ್ರಾಮ್ ಒಳಗೆ ಏನಿದೆ ಅಂತ ಹಾಕಿಕೊಟ್ಟವರಿಗೂ ಗೊತ್ತಿರುವುದಿಲ್ಲ.

ಇನ್ನೊಂದು ಅಪಾಯ 11ರದೇ. ಮೈಕ್ರೋಸಾಫ್ಟ್ ಅಕೌಂಟ್ ಕೊಟ್ಟು ಹೊಸದಾಗಿ 11 ಹಾಕಿದರೆ, 24ಎಚ್2 ಆವೃತ್ತಿಯಿಂದ ಈಚೆಗೆ, ಡಿಸ್ಕ್ ತಾನಾಗೇ ಬೀಗ ಹಾಕಿಕೊಳ್ಳುತ್ತದೆ. ಅದರ ರಿಕವರಿ ಕೀ ಆ ಅಕೌಂಟ್‌ನಲ್ಲಿ ಇರುತ್ತದೆ. ಇಲ್ಲಿನ ಹುಡುಗನೊಬ್ಬನ ಲ್ಯಾಪ್‌ಟಾಪ್‌ಗೆ ಅಂಗಡಿಯವರೊಬ್ಬರು ತಮ್ಮದೇ ಯಾವುದೋ ಇಮೇಲ್ ಕೊಟ್ಟು 11 ಹಾಕಿದ್ದರು. ಬೋರ್ಡ್ ಕೆಟ್ಟಿತು. ಕೀ ಯಾವ ಇಮೇಲ್‌ನಲ್ಲಿದೆ ಅಂತ ಯಾರಿಗೂ ನೆನಪಿಲ್ಲ. ಅವನ ಪ್ರಾಜೆಕ್ಟ್, ಅಜ್ಜಿಯ ಜೊತೆಗಿನ ಫೋಟೊಗಳು ಎಲ್ಲ ಡಿಸ್ಕ್‌ನಲ್ಲಿ ಕಣ್ಣೆದುರಿಗೇ ಇದ್ದವು, ತೆಗೆಯಲು ನನ್ನಿಂದ ಆಗಲಿಲ್ಲ. ಆ ಹುಡುಗನ ಮುಖ ಇನ್ನೂ ಕಣ್ಣ ಮುಂದೆ ಇದೆ. ಯಾರೇ ಹಾಕಿಕೊಡಲಿ, ನಿಮ್ಮದೇ ಇಮೇಲ್ ಕೊಡಿ, ಆ ಕೀಯನ್ನು ಪ್ರಿಂಟ್ ತೆಗೆದು ಬೀರುವಿನಲ್ಲಿಡಿ.

ಕೊನೆಗೆ ಆ ಮೂರನೇ ತೊಂದರೆ, ಅಮ್ಮನ ಅಂಗಡಿ ಮಗನ ಆಟ ಒಂದೇ ಕಡೆ. ಹುಡುಗರನ್ನು ಬೈಯಲು ನನಗೆ ಇಷ್ಟವಿಲ್ಲ, ಆಟದ ಆಸೆಯಿಂದಲೇ ಕಂಪ್ಯೂಟರ್ ಕಲಿತವರು ನನ್ನ ಹತ್ತಿರ ಕೆಲಸಕ್ಕಿದ್ದಾರೆ. ಆದರೆ ಕ್ರ್ಯಾಕ್ ಆಟ, ಚೀಟ್, ಯಾವುದೋ ಮಾಡ್ ಅಂತ ಇಳಿಸಿಕೊಂಡದ್ದರಿಂದ ಬರುವ ಕೆಡುಕು ನಿಮ್ಮ ಗಿರಾಕಿಗಳ ಕಾಗದಪತ್ರದವರೆಗೂ ಹೋಗುತ್ತದೆ. ಕನಿಷ್ಠ ಅವನಿಗೆ ಬೇರೆ ಲಾಗಿನ್ ಮಾಡಿ, ಅಡ್ಮಿನ್ ಅಧಿಕಾರ ಇಲ್ಲದ್ದು. ಅದಕ್ಕಿಂತ ಒಳ್ಳೆಯದು, ಮುಂದೆ ದುಡ್ಡು ಕೂಡಿಬಂದಾಗ ಅವನಿಗೆಂದೇ ಎರಡನೇ ಎಸ್‌ಎಸ್‌ಡಿ ಹಾಕಿ ಅದರಲ್ಲಿ ಬೇರೆ ವಿಂಡೋಸ್ ಇಡಿ. ಅದಕ್ಕೆ ಇನ್ನೊಂದು ಲೈಸೆನ್ಸ್ ಬೇಕಾಗುತ್ತದೆ, ಲೆಕ್ಕದಲ್ಲಿಟ್ಟುಕೊಳ್ಳಿ. ಅವನ ಕಡೆಯಿಂದ ನಿಮ್ಮ ಡಿಸ್ಕ್ ಕಾಣದ ಹಾಗೆ ಮಾಡಿಸಿ. ಲಿನಕ್ಸ್ ಕಲಿಯಬೇಕು ಅಂತ ಅವನಿಗೆ ಆಸೆ ಬಂದರೆ ಅದನ್ನೂ ಆ ಎರಡನೇ ಎಸ್‌ಎಸ್‌ಡಿಯಲ್ಲೇ ಮಾಡಲಿ, ನಿಮ್ಮ ಡಿಸ್ಕನ್ನು ಭಾಗ ಮಾಡಲು ಬಿಡಬೇಡಿ. ಒಂದೇ ಡಿಸ್ಕ್‌ನಲ್ಲಿ ಎರಡು ಆಪರೇಟಿಂಗ್ ಸಿಸ್ಟಂ ಹಾಕುವಾಗ ತಪ್ಪು ಪಾರ್ಟಿಶನ್ ಅಳಿಸಿ ಅಳುತ್ತಾ ಬಂದವರನ್ನು ಪ್ರತಿ ವರ್ಷ ನೋಡುತ್ತೇನೆ.

ಕ್ಲೋನ್ ಮಾಡಿಸುವ ಮೊದಲು ಪೇಜ್‌ಮೇಕರ್ ಫೈಲ್, ಫಾಂಟ್ ಫೋಲ್ಡರ್ ಎರಡನ್ನೂ ಹೊರಗಿನ ಡಿಸ್ಕ್‌ಗೆ ಕಾಪಿ ಮಾಡಿಕೊಳ್ಳಿ. ಜಿಟಿಎ 5 ಒಂದೇ 100 ಜಿಬಿ ದಾಟುತ್ತದೆ, ಅದರ ಫೋಲ್ಡರ್ ಹಳೆಯ ಹಾರ್ಡ್‌ಡಿಸ್ಕ್‌ನಲ್ಲೇ ಇರಲಿ, ಮತ್ತೆ ಇಳಿಸಿಕೊಳ್ಳುವ ಕಷ್ಟ ತಪ್ಪುತ್ತದೆ. ಕ್ಯಾಬಿನೆಟ್ ತೆರೆದಾಗ ಧೂಳು ತೆಗೆಸಿ, ಪ್ರೊಸೆಸರ್ ಮೇಲಿನ ಪೇಸ್ಟ್ ಬದಲಿಸಿ. 2017ರಿಂದ ಬದಲಿಸಿಲ್ಲದಿದ್ದರೆ ಅದು ಒಣಗಿ ಪುಡಿಯಾಗಿರುತ್ತದೆ, ಬೇಸಿಗೆಯಲ್ಲಿ ಆಟದ ಮಧ್ಯೆ ಆಫ್ ಆಗುವುದು ಅದರಿಂದಲೇ. ಹಾಗೇ ಒಳಗೆ ಕರೆಂಟ್ ಹಂಚುವ ಎಸ್‌ಎಂಪಿಎಸ್ ಡಬ್ಬದ ಮೇಲಿರುವ ಲೇಬಲ್‌ನ ಒಂದು ಫೋಟೊ, ಬೋರ್ಡ್ ಮೇಲೆ ಬರೆದಿರುವ ಮಾಡೆಲ್ ಹೆಸರಿನ ಒಂದು ಫೋಟೊ ತೆಗೆದು ಕಳಿಸಿ. ಮುಂದೆ ಹಾಕುವ ಪ್ರೊಸೆಸರ್‌ಗೆ ಆ ಎಸ್‌ಎಂಪಿಎಸ್ ಸಾಕಾಗುತ್ತದೋ ಇಲ್ಲವೋ ನೋಡಿ ಹೇಳುತ್ತೇನೆ.